ಆಟಕ್ಕುಂಟು, ಲೆಕ್ಕಕ್ಕಿಲ್ಲದ ಖಂಡಗಳು

ನನ್ನ ಹೊಟ್ಟೆಕಿಚ್ಚಿಗೆ ಒಂದು ಭೂಗೋಳವಿದೆ. ಯೂರೋಪು, ದಕ್ಷಿಣ ಅಮೆರಿಕ ಎಂಬ ಎರಡು ಖಂಡಗಳು ಅದರ ಒಂದು ತುದಿ. ಜಯನಗರದ ನಮ್ಮ ರಸ್ತೆಯ ಮೂಲೆಯಲ್ಲಿ ಗೇಟಿಗೆ ಹಸಿರು ಬಣ್ಣ ಬಳಿದುಕೊಂಡು ನಿಂತಿದ್ದ ಒಂದು ಮನೆ ಇನ್ನೊಂದು ತುದಿ. ವಿಶ್ವಕಪ್ ಫುಟ್‌ಬಾಲ್ ಆರಂಭವಾದಂದಿನಿಂದ ನಾನು ಈ ಸಾಲುಗಳನ್ನು ಬರೆಯುವವರೆಗೆ ಆ ಕಪ್ ಈ ಎರಡು ಖಂಡಗಳ ನಡುವೆ ಕೈಯಿಂದ ಕೈಗೆ ಹೋಗಿದೆಯೇ ಹೊರತು ಮೂರನೆಯದಕ್ಕೆ ದಕ್ಕಿಲ್ಲ. ನಮ್ಮ ರಸ್ತೆಯ ಮಕ್ಕಳೆಲ್ಲರಿಗೂ ಸೇರಿದ್ದ ಒಂದೇ ಒಂದು ಚರ್ಮದ ಚೆಂಡೂ ಸಂಜೆ ಆ ಹಸಿರು ಗೇಟಿನಿಂದ ಹೊರಬಂದು, ದೀಪ ಹಚ್ಚುವ ಹೊತ್ತಿಗೆ ಅದೇ ಗೇಟಿನೊಳಗೆ ಸೇರಿಕೊಳ್ಳುತ್ತಿತ್ತು. ಹೊಟ್ಟೆಕಿಚ್ಚು ಸಣ್ಣ ಮನಸ್ಸಿನ ಗುಣವೆಂದು ನನಗೆ ಬುದ್ಧಿ ಹೇಳಿದವರು ಅನೇಕರು. ಅವರಲ್ಲಿ ಬಹುಪಾಲು ಜನ ಚೆಂಡಿದ್ದ ಮನೆಯವರು.

ಸಾವಿರದ ಒಂಬೈನೂರ ಅರವತ್ತಾರನೆಯ ಇಸವಿ. ನನಗೆ ಹದಿನೈದು ತುಂಬಿತ್ತು. ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ ನಮ್ಮ ತಂದೆ ಸೈಟು ಪಡೆದು ಮನೆ ಕಟ್ಟಿಸಿ ನಮ್ಮನ್ನೆಲ್ಲ ಬೆಂಗಳೂರಿನ ಪೇಟೆಯ ಕಡೆಯಿಂದ ಹೊಸ ಬಡಾವಣೆಯಾದ ಜಯನಗರಕ್ಕೆ ಕರೆತಂದು ಕೆಲವೇ ವರ್ಷಗಳಾಗಿದ್ದವು. ಅಗಲವಾದ ರಸ್ತೆಗಳು, ಬೇಲಿಯೊಳಗೆ ನೆಟ್ಟ ಸಸಿಗಳು, ಎರಡು ಮನೆಗಳ ನಡುವೆ ನಾಲ್ಕು ಖಾಲಿ ಸೈಟುಗಳು, ಅವುಗಳ ಮೂಲೆಗೊಂದು ಗಡಿಕಲ್ಲು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಮತ್ತು ನಾನು. ನಾನು ಓದುತ್ತಿದ್ದ ಶಾಲೆಯಲ್ಲಿ ಬೆತ್ತವಿರಲಿಲ್ಲ. ಜಾತಿಯನ್ನು ಕೇಳದೆ ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸುತ್ತಿದ್ದರು; ಪಾಠಕ್ಕಿಂತ ಮೊದಲು ತೋಟಕ್ಕೆ ನೀರು ಹಾಯಿಸಬೇಕಿತ್ತು; ವಾರಕ್ಕೊಮ್ಮೆ ಚರ್ಚೆಯಿರುತ್ತಿತ್ತು. ಅನ್ಯಾಯವನ್ನು ಕಂಡರೆ ಸುಮ್ಮನೆ ಮುಖ ಗಂಟು ಹಾಕಿಕೊಳ್ಳಬೇಡಿ, ಅದನ್ನು ಅದರ ಹೆಸರಿನಿಂದ ಕರೆಯಿರಿ ಎಂದು ನಮ್ಮ ಟೀಚರು ಹೇಳುತ್ತಿದ್ದರು. ನಾನು ಆ ಮಾತನ್ನು ಅಂದಿನಿಂದ ಇಂದಿನವರೆಗೆ ಪಾಲಿಸಿದ್ದೇನೆ. ಅದರಿಂದ ಕಳೆದುಕೊಂಡ ಸ್ನೇಹಗಳೂ ಇವೆ, ನೌಕರಿಯೂ ಇದೆ.

ಆ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಪಕ್ಕದ ಹಳ್ಳಿಯಾದ ಸಾರಕ್ಕಿಯ ರೈತರ ಮನೆಯ ಹುಡುಗಿ. ಕೆರೆಯ ಏರಿಯ ಮೇಲೆ ನಡೆದುಕೊಂಡು ಬರುತ್ತಿದ್ದಳು. ದಾರಿಯಲ್ಲಿ ಸಿಕ್ಕ ಕಾಯಿ, ಕಲ್ಲು, ಒಣಗಿದ ಸೋರೆಬುರುಡೆ, ಯಾವುದನ್ನಾದರೂ ಸರಿಯೆ, ಮನೆಯಿಂದ ಶಾಲೆಯವರೆಗೂ ಒದೆಯುತ್ತಲೇ ತರುತ್ತಿದ್ದಳು. ಅದು ಒಮ್ಮೆಯೂ ಚರಂಡಿಗೆ ಬೀಳುತ್ತಿರಲಿಲ್ಲ. ನಾನು ಒದ್ದದ್ದು ಎರಡನೆಯ ಒದೆತಕ್ಕೇ ಬೇಲಿಯೊಳಗೆ ಹೋಗಿಬಿಡುತ್ತಿತ್ತು. ಅವಳ ಪಾದಗಳನ್ನು ಕಂಡರೆ ನನಗೆ ಆಗಲೇ ಒಂದು ಚೂರು ಉರಿ ಇತ್ತು. ಆದರೆ ಗೆಳತಿಯ ಮೇಲಿನ ಉರಿಯನ್ನು ಮನುಷ್ಯರು ಪ್ರೀತಿಯ ಅಡಿಯಲ್ಲಿ ಮುಚ್ಚಿಡುತ್ತಾರೆ. ಅದಕ್ಕೆ ತೆರೆದ ಗಾಳಿ ತಗಲುವುದು ಸಂದರ್ಭ ಬಂದಾಗ ಮಾತ್ರ.

ನಮ್ಮ ಹುಡುಗರು ಆಡುತ್ತಿದ್ದ ಬಯಲು, ಕೊನೆಯ ಕ್ರಾಸಿಗೂ ಸಾರಕ್ಕಿಯ ಕೆರೆಗೂ ನಡುವೆ ಇತ್ತು. ಅದು ಅವಳ ತಾತನ ರಾಗಿಹೊಲವಾಗಿತ್ತು. ಬಡಾವಣೆಗೆಂದು ಅದನ್ನು ತೆಗೆದುಕೊಂಡರು. ಹೊಲ ಹೋದ ಮೇಲೆ ತಾತ ಮೂರು ವರ್ಷ ಪ್ರತಿ ಮಳೆಗಾಲಕ್ಕೂ ಅಲ್ಲಿಗೆ ಬಂದು ನಿಂತು ಹೋಗುತ್ತಿದ್ದರಂತೆ. ಆ ಬಯಲಿನಲ್ಲಿ ಅವಳು ಆಡುವಂತಿರಲಿಲ್ಲ. ಅವಳು ಹುಡುಗಿ ಎಂಬುದು ಒಂದು ಕಾರಣ, ಹಳ್ಳಿಯವಳು ಎಂಬುದು ಇನ್ನೊಂದು. ನನ್ನನ್ನು ಹೊರಗಿಡುವುದಕ್ಕೆ ಮೊದಲನೆಯ ಕಾರಣವೊಂದೇ ಸಾಕಾಗಿತ್ತು. ಚೆಂಡಿಗೆ ರಸ್ತೆಯ ಎಲ್ಲ ಮನೆಗಳೂ ಚಂದಾ ಕೊಟ್ಟಿದ್ದವು, ನಮ್ಮ ಮನೆಯೂ ಸೇರಿದಂತೆ. ಆದರೆ ಹುಡುಗರೊಳಗೆ ಒಂದು ಕಟ್ಟಳೆ ಬೆಳೆದಿತ್ತು: ಚೆಂಡು ಯಾರ ಮನೆಯಲ್ಲಿರುತ್ತದೆಯೋ ಅವನೇ ಯಾರು ಆಡಬೇಕು, ಯಾರು ಆಡಬಾರದು ಎಂದು ಹೇಳತಕ್ಕವನು. ಚೆಂಡು ಮೂಲೆಮನೆಯ ಹುಡುಗನ ಬಳಿ ಇತ್ತು. ಅವನ ಚಿಕ್ಕಪ್ಪ ಇಂಗ್ಲೆಂಡಿನಲ್ಲಿದ್ದರು, ಅವನಿಗೆ ಬೂಟುಗಳಿದ್ದವು, ಬಣ್ಣದ ಚಿತ್ರಗಳಿದ್ದ ಫುಟ್‌ಬಾಲ್ ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ನಾನು ಅವನನ್ನು ದ್ವೇಷಿಸಲಿಲ್ಲ. ದ್ವೇಷಿಸುವುದಕ್ಕೆ ಅವನು ಏನೂ ಮಾಡಿರಲಿಲ್ಲ. ಎಲ್ಲವೂ ಅವನಲ್ಲಿಗೆ ತಾನಾಗಿಯೇ ನಡೆದು ಹೋಗುತ್ತಿತ್ತು, ಅಷ್ಟೆ. ಅದನ್ನು ಸಹಿಸುವುದು ದ್ವೇಷಕ್ಕಿಂತ ಕಷ್ಟ.

ಇನ್ನೂ ಒಂದು ಉರಿಯನ್ನು ಹೇಳಬೇಕು. ಆಗ ಬೆಂಗಳೂರಿನಲ್ಲಿ ನಿಜವಾದ ಫುಟ್‌ಬಾಲ್ ಇದ್ದದ್ದು ದಂಡಿನ ಕಡೆ, ಬ್ರಿಟಿಷರ ಸೈನ್ಯ ಬೀಡುಬಿಟ್ಟಿದ್ದ ಊರಿನ ಆ ಅರ್ಧದಲ್ಲಿ. ಅಲ್ಲಿನ ಬಡ ಓಣಿಗಳಿಂದ ದೇಶದ ತಂಡಕ್ಕೆ ಆಟಗಾರರು ಹೋಗಿದ್ದರು. ಅಲ್ಲಿನ ಸ್ಟೇಡಿಯಮ್ಮಿಗೆ ಅಪ್ಪ ಒಮ್ಮೆ ಅಣ್ಣನನ್ನು ಕರೆದುಕೊಂಡು ಹೋದರು. ನಾನೂ ಬರುತ್ತೇನೆಂದೆ. "ಅಲ್ಲೆಲ್ಲ ಹೆಣ್ಮಕ್ಕಳು ಬರಲ್ಲ ಕಣಮ್ಮ, ಜನ ಒಂಥರಾ ಇರ್ತಾರೆ" ಎಂದರು. ಜನ ಒಂಥರಾ ಇರುವುದು ಯಾರ ತಪ್ಪೋ, ಶಿಕ್ಷೆ ನನಗೆ. ಅಣ್ಣ ಬರುವಾಗ ಎರಡು ಹೊಸ ಬೈಗುಳ ಕಲಿತುಕೊಂಡು, ಕಡಲೆಕಾಯಿ ಸಿಪ್ಪೆಯನ್ನು ಜೇಬಿನ ತುಂಬ ಹಾಕಿಕೊಂಡು ಬಂದ. ಒಂದು ವಾರ ಪೂರ್ತಿ ಊಟದ ಹೊತ್ತಿನಲ್ಲಿ ಆ ಆಟವನ್ನೇ ಆಡಿ ತೋರಿಸಿದ. ನಾನು ಸಾರನ್ನು ಕಲೆಸುತ್ತ ಕೇಳಿಸಿಕೊಂಡೆ.

ಆ ವರ್ಷದ ವಿಶ್ವಕಪ್ ಇಂಗ್ಲೆಂಡಿನಲ್ಲಿ. ನಮ್ಮ ದೇಶ ಅದರಲ್ಲಿ ಇರಲಿಲ್ಲ. ಹದಿನಾರು ವರ್ಷಗಳ ಹಿಂದೆ ಬ್ರೆಜಿಲ್ಲಿಗೆ ಹೋಗುವ ಅವಕಾಶ ಸಿಕ್ಕಿದ್ದಾಗ ಹೋಗಲಿಲ್ಲ. ಅದರ ಕಾರಣವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ, ಏಷ್ಯಾದ ಕ್ರೀಡಾಕೂಟಗಳಲ್ಲಿ ಎರಡು ಸಲ ಚಿನ್ನ. ಅಷ್ಟು ಆಡಬಲ್ಲ ದೇಶ ವಿಶ್ವಕಪ್ಪಿನ ಬಾಗಿಲಲ್ಲೂ ಕಾಣಿಸದೇಕೆ ಎಂದು ನಾನು ಅಪ್ಪನನ್ನು ಕೇಳಿದೆ. ಅವರು ಪತ್ರಿಕೆಯನ್ನು ಮಡಿಚಿ, ಮೂಲೆಯಲ್ಲಿದ್ದ ಸಣ್ಣ ಸುದ್ದಿಯೊಂದನ್ನು ಬೆರಳಿಟ್ಟು ತೋರಿಸಿದರು. ಇರುವುದು ಹದಿನಾರು ಜಾಗ. ಯೂರೋಪಿಗೆ ಹತ್ತು, ದಕ್ಷಿಣ ಅಮೆರಿಕಕ್ಕೆ ನಾಲ್ಕು, ಉತ್ತರ ಮತ್ತು ಮಧ್ಯ ಅಮೆರಿಕಕ್ಕೆ ಒಂದು. ಉಳಿದ ಒಂದೇ ಒಂದು ಜಾಗಕ್ಕೆ ಆಫ್ರಿಕ, ಏಷ್ಯ, ಆಸ್ಟ್ರೇಲಿಯ ಎಲ್ಲರೂ ಸೇರಿ ಕಿತ್ತಾಡಬೇಕು. ಇದನ್ನು ಒಪ್ಪದೆ ಆಫ್ರಿಕದ ದೇಶಗಳು ಸಾರಾಸಗಟಾಗಿ ಹಿಂದೆ ಸರಿದಿದ್ದವು.

ಜಗುಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ಕೇಳಿಸಿಕೊಂಡು ನಕ್ಕರು. "ಮೊದಲನೇ ಪಂಕ್ತೀಲಿ ಕೂತೋರು ಹೋಳಿಗೆ ತಿಂದ್ರು. ಕಡೇ ಪಂಕ್ತಿಯೋರಿಗೆ ಎಲೆ ಒಂದು, ಉಣ್ಣೋರು ನೂರು. ಆಮೇಲೆ ನೋಡಿದ್ರಾ, ಇವರಿಗೆ ಊಟ ಮಾಡೋಕ್ಕೇ ಬರಲ್ಲ ಅಂತಾರೆ."

"ಅಜ್ಜಿ, ನಮ್ಮನೆ ಮದುವೇಲೂ ಪಂಕ್ತಿಭೇದ ಮಾಡಿದ್ರಲ್ಲ" ಎಂದೆ ನಾನು.

"ಮಾಡಿದ್ವಿ. ಅದಕ್ಕೇ ನಂಗೆ ಗೊತ್ತಿರೋದು" ಎಂದರು ಅಜ್ಜಿ, ಬತ್ತಿಯಿಂದ ಕಣ್ಣು ತೆಗೆಯದೆ.

ಬಲಿಷ್ಠ ಖಂಡಗಳು ಚೆನ್ನಾಗಿ ಆಡುತ್ತವೆ, ಆದ್ದರಿಂದ ಗೆಲ್ಲುತ್ತವೆ ಎಂದು ಮೂಲೆಮನೆಯ ಹುಡುಗ ಹೇಳುತ್ತಿದ್ದ. ಅದು ಅರ್ಧ ಸತ್ಯ. ಬ್ರೆಜಿಲ್ಲಿನವರು ಹಿಂದಿನ ಎರಡು ಕಪ್‌ಗಳನ್ನು ಆಟದಿಂದಲೇ ಗೆದ್ದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡವರೊಡನೆ ಆಡದವನು ದೊಡ್ಡ ಆಟವನ್ನು ಕಲಿಯುವುದು ಎಲ್ಲಿ? ಮೊದಲು ಹೊರಗಿಡುವುದು, ಆಮೇಲೆ ಹೊರಗಿದ್ದವನಿಗೆ ಆಟ ಬಾರದೆಂದು ತೀರ್ಪು ಕೊಡುವುದು: ಇದು ಅನ್ಯಾಯ. ಅಂದೂ ಹೀಗೆಂದೇ ಹೇಳಿದೆ. ಅವನು ಬೂಟಿನ ದಾರ ಬಿಗಿಯುತ್ತ, "ನೀನು ಡಿಬೇಟ್‌ಗೆ ಹೋಗೇ, ಪ್ರೈಜ್ ಬರತ್ತೆ" ಎಂದ.

ವಿಶ್ವಕಪ್ ಶುರುವಾಗುವ ಮೊದಲಿನ ಭಾನುವಾರ ನಮ್ಮ ರಸ್ತೆಯ ಹುಡುಗರು ಒಂದು ಬಾಜಿ ಹೂಡಿದರು. ಹದಿನಾರು ದೇಶಗಳ ಹೆಸರನ್ನು ಚೀಟಿಗಳಲ್ಲಿ ಬರೆದು ತಾಮ್ರದ ಚೊಂಬಿಗೆ ಹಾಕುವುದು. ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತುವುದು. ಯಾರ ದೇಶ ಕಪ್ ಗೆಲ್ಲುತ್ತದೆಯೋ ಅವನ ಮನೆಯಲ್ಲಿ ಒಂದು ವರ್ಷ ಚೆಂಡು. ನನಗೂ ಒಂದು ಚೀಟಿ ಸಿಕ್ಕಿ, ಅದು ಗೆದ್ದು ಚೆಂಡು ನಮ್ಮ ಮನೆಗೆ ಬಂದರೆ, ಯಾರು ಆಡಬೇಕೆಂದು ಹೇಳತಕ್ಕವಳು ನಾನು. ನಾನು ಆಡುತ್ತೇನೆ, ಸಾರಕ್ಕಿಯ ನನ್ನ ಗೆಳತಿ ಆಡುತ್ತಾಳೆ. ಅದರಾಚೆಗೆ ನನಗೆ ಬೇರೇನೂ ಬೇಕಿರಲಿಲ್ಲ.

ಹುಡುಗರಿದ್ದದ್ದು ಹದಿನೈದು ಜನ. ತನ್ನ ಮನೆಯ ಜಗುಲಿಯಲ್ಲಿ ಕೂತು ಚೀಟಿಗಳನ್ನು ಬರೆದವನು ಮೂಲೆಮನೆಯವನು. ಅವನ ಬಳಿ ಅವನ ತಾತನಿಗೆ ಶಾಲೆಯಲ್ಲಿ ಬಹುಮಾನ ಬಂದಿದ್ದ ದಪ್ಪ ಅಟ್ಲಾಸು ಇತ್ತು. ಪತ್ರಿಕೆಯಲ್ಲಿದ್ದ ಒಂದೊಂದು ದೇಶವನ್ನೂ ಅದರಲ್ಲಿ ಹುಡುಕಿ, ಬಣ್ಣ ನೋಡಿ, ಚೀಟಿಗೆ ಇಳಿಸುತ್ತಿದ್ದ. ಉತ್ತರ ಕೊರಿಯದ ಬಳಿಗೆ ಬಂದಾಗ ನಿಂತ. ಆ ಅಟ್ಲಾಸು ಎರಡನೆಯ ಮಹಾಯುದ್ಧಕ್ಕೂ ಹಿಂದಿನದು. ಅದರಲ್ಲಿ ಆಫ್ರಿಕದ ಅರ್ಧಕ್ಕೆ ಬ್ರಿಟಿಷರ ಕೆಂಪು ಬಣ್ಣ, ನಮಗೂ ಕೆಂಪು ಬಣ್ಣ. ಕೊರಿಯಕ್ಕೆ ಜಪಾನಿನ ಹಳದಿ.

"ಕೊರಿಯ ಅನ್ನೋದು ಜಪಾನಿಗೆ ಸೇರಿದ್ದು ಕಣ್ರೋ. ಜಪಾನ್ ಈ ಸಲ ಇಲ್ಲ. ಪೇಪರ್‌ನೋರು ತಪ್ಪು ಪ್ರಿಂಟ್ ಮಾಡಿದ್ದಾರೆ" ಎಂದು ಘೋಷಿಸಿದ. "ನಾವೂ ಹದಿನೈದೇ ಜನ, ಸರಿಹೋಯ್ತು ಬಿಡು."

ದೇಶವೊಂದನ್ನು ಹೀಗೆ ಒಂದು ಜಗುಲಿಯ ಮೇಲೆ ಕೂತು ಅಳಿಸಿಹಾಕುವುದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಸ್ವಾತಂತ್ರ್ಯ ಬಂದು ಹತ್ತೊಂಬತ್ತು ವರ್ಷಗಳಾಗುತ್ತಿದ್ದರೂ ನಮ್ಮ ಮಕ್ಕಳ ಕೈಯಲ್ಲಿ ದೊರೆಗಳ ಕಾಲದ ಭೂಪಟ. ಅದರಲ್ಲಿಲ್ಲದವನು ಭೂಮಿಯ ಮೇಲೂ ಇಲ್ಲ. ನಾನು ಗೇಟಿನ ಹೊರಗಿನಿಂದಲೇ, "ಹಾಗಾದ್ರೆ ಅದು ನಂದು" ಎಂದೆ.

"ಯಾವ್ದು?"

"ಉತ್ತರ ಕೊರಿಯ. ನಿಮಗೆ ಬೇಡ ತಾನೆ? ನಂಗೆ ಬೇಕು. ನಂಗೂ ಸಾರಕ್ಕಿಯವಳಿಗೂ ಸೇರಿ ಒಂದು."

ಹುಡುಗರೆಲ್ಲ ಹೋ ಎಂದು ನಕ್ಕರು. "ತಗೋ ತಾಯಿ, ಜೊತೆಗೆ ಚಂದ್ರಲೋಕಾನೂ ತಗೋ" ಎಂದ ನಮ್ಮಣ್ಣ. ಮೂಲೆಮನೆಯವನ ಪುಟ್ಟ ತಂಗಿಯ ಕೈಯಲ್ಲಿ ಚೀಟಿಗಳನ್ನು ಎತ್ತಿಸಿದರು. ಅಣ್ಣನಿಗೆ ಪೋರ್ಚುಗಲ್ ಬಂತು. ಮೂಲೆಮನೆಯವನಿಗೆ ಯಾವುದು ಬಂದಿರಬೇಕೆಂದು ಕೇಳಲೇಬೇಡಿ. ಆತಿಥೇಯ ದೇಶ, ಚಿಕ್ಕಪ್ಪನಿದ್ದ ದೇಶ, ಬಣ್ಣದ ಪತ್ರಿಕೆ ಅಚ್ಚಾಗುವ ದೇಶ, ಇಂಗ್ಲೆಂಡು, ಆ ಪುಟ್ಟ ಹುಡುಗಿಯ ಬೆರಳಿಗೆ ಸಿಕ್ಕಿ ತನ್ನ ಮನೆಯನ್ನು ತಾನೇ ಸೇರಿಕೊಂಡಿತು.

ಮೊದಲ ಆಟದಲ್ಲಿ ನನ್ನ ದೇಶ ರಷ್ಯದ ಕೈಯಲ್ಲಿ ಮೂರು ಗೋಲು ತಿಂದಿತು. ಹುಡುಗರು ನನ್ನನ್ನು ಕಂಡಲ್ಲೆಲ್ಲ ಮೂರು ಬೆರಳು ತೋರಿಸಿದರು. ಎರಡನೆಯದು ಚಿಲಿಯ ಮೇಲೆ ಸಮವಾಯಿತು. ಮೂರನೆಯದು ಇಟಲಿಯ ಮೇಲೆ. ಅದು ನಡೆದದ್ದು ನಮಗೆ ಅಪರಾತ್ರಿಯಾದ್ದರಿಂದ ಬೆಳಗಿನ ವಾರ್ತೆಯವರೆಗೆ ಕಾಯಬೇಕಾಯಿತು. ಅಪ್ಪ ಶೇವಿಂಗ್ ಬ್ರಷ್ ಹಿಡಿದುಕೊಂಡೇ ಬಚ್ಚಲಿನಿಂದ ಹೊರಗೆ ಬಂದರು. ಅರ್ಧ ಮುಖದ ಮೇಲೆ ನೊರೆ. "ಏ ಹುಡುಗಿ, ನಿನ್ನ ಕೊರಿಯ ಇಟಲೀನ ಮನೆಗೆ ಕಳಿಸ್ತಂತೆ ಕಣೇ!"

ಚಪ್ಪಲಿ ಹಾಕಿಕೊಳ್ಳದೆ ಮೂಲೆಮನೆಗೆ ಓಡಿದೆ. ಇಟಲಿಯ ಚೀಟಿ ಎತ್ತಿದ್ದ ಹುಡುಗ ಆಗಲೇ ಅಲ್ಲಿ ಮೆಟ್ಟಿಲ ಮೇಲೆ ಕೂತು ಅಳುಮುಖ ಮಾಡಿಕೊಂಡಿದ್ದ. ಮೂಲೆಮನೆಯವನು ಗೇಟನ್ನು ಅರ್ಧ ತೆರೆದು ನಿಂತ.

"ಗೆದ್ವಿ" ಎಂದೆ.

"ಯಾರು ಗೆದ್ದಿದ್ದು? ನಿಂದು ಚೀಟಿ ಎಲ್ಲಿದೆ?"

"ಚೀಟಿ ಬರೀಲಿಲ್ಲ ನೀನು!"

"ಬರೀಲಿಲ್ಲ. ಅದಕ್ಕೇ ಚೊಂಬಿಗೆ ಬೀಳಲಿಲ್ಲ. ಚೊಂಬಿಗೆ ಬೀಳದೇ ಇದ್ದದ್ದು ಲೆಕ್ಕ ಇಲ್ಲ. ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಕನ್ನಡದ ಮಕ್ಕಳಿಗೆಲ್ಲ ಆ ಮಾತು ಗೊತ್ತು. ಕಣ್ಣಾಮುಚ್ಚಾಲೆಯಲ್ಲಿ ತೀರ ಚಿಕ್ಕ ಮಗುವೊಂದು ಹಟ ಮಾಡಿದರೆ ಅದನ್ನೂ ಸೇರಿಸಿಕೊಂಡು, ಅದರ ಬೆನ್ನ ಹಿಂದೆ ಉಳಿದವರು ಕಣ್ಣು ಮಿಟುಕಿಸುತ್ತಾರೆ. ಅದು ಓಡಬಹುದು, ಅಡಗಬಹುದು. ಸಿಕ್ಕಿಬಿದ್ದರೂ ಔಟಿಲ್ಲ, ಗೆದ್ದರೂ ಗೆಲುವಿಲ್ಲ. ಪ್ರೀತಿಯಿಂದ ಮಾಡುವ ಮೋಸ ಅದು. ಹದಿನೈದು ವರ್ಷದವಳಿಗೆ ಅದನ್ನು ಅಂದರೆ ಪ್ರೀತಿ ಕಳಚಿ ಮೋಸವಷ್ಟೇ ಉಳಿಯುತ್ತದೆ. ಎರಡು ಖಂಡಗಳು ಪ್ರಪಂಚದ ಉಳಿದ ಭಾಗವನ್ನು ವಿಶ್ವಕಪ್ಪಿಗೆ ಕರೆದದ್ದು ಇದೇ ಲೆಕ್ಕದಲ್ಲಿ. ಈಗ ಅದರಲ್ಲೊಬ್ಬ ಸಣ್ಣವನು ಸೇರಿಸಿಕೊಂಡವನನ್ನೇ ಹಿಡಿದುಬಿಟ್ಟಿದ್ದ. ನಾನು ಅದನ್ನೇ ಗೇಟಿನ ಬಳಿ ನಿಂತು ಜೋರಾಗಿ ಹೇಳಿದೆ. ಎದುರು ಮನೆಯವರು ಕಿಟಕಿ ತೆರೆದರು. ಕೊನೆಗೆ ಅವನು ತಲೆ ಕೆರೆದುಕೊಂಡು, "ಸರಿ, ಪೋರ್ಚುಗಲ್ ಮೇಲೂ ಗೆದ್ರೆ ಲೆಕ್ಕಕ್ಕೆ ತಗೋತೀವಿ. ಆಯ್ತಾ? ಕೂಗ್ಬೇಡ" ಎಂದ.

ಪೋರ್ಚುಗಲ್ ನಮ್ಮಣ್ಣನದು. ಶನಿವಾರ ಸಂಜೆ ಏಳೂವರೆಗೆ ಆಟ. ನಮ್ಮ ಹಾಲಿನ ರೇಡಿಯೊದಲ್ಲಿ ಲಂಡನ್ನಿನ ನಿಲ್ದಾಣ ಸಿಕ್ಕುತ್ತಿತ್ತು, ಅಲೆ ಬಂದು ಹೋದ ಹಾಗೆ. ಹೊರಗೆ ಜುಲೈ ತಿಂಗಳ ತುಂತುರು, ಗಾಳಿ. ಹುಡುಗರೆಲ್ಲ ಚಾಪೆಯ ಮೇಲೆ ಕೂತರು. ನಾನು ಅಜ್ಜಿಯ ಪಕ್ಕದಲ್ಲಿ. ಐದು ವರ್ಷಗಳ ಹಿಂದಷ್ಟೇ ಗೋವೆಯನ್ನು ಬಿಟ್ಟು ಕಾಲ್ತೆಗೆದವರು ಪೋರ್ಚುಗೀಸರು. ಆಫ್ರಿಕದ ವಸಾಹತುಗಳನ್ನು ಇನ್ನೂ ಬಿಟ್ಟಿರಲಿಲ್ಲ. ಅವರ ತಂಡದ ಬೆನ್ನೆಲುಬಾಗಿದ್ದ ಆಟಗಾರರು ಹುಟ್ಟಿದ್ದು ಆ ವಸಾಹತುಗಳಲ್ಲಿಯೇ. ಆಫ್ರಿಕಕ್ಕೆ ಜಾಗವಿಲ್ಲ, ಆಫ್ರಿಕದ ಕಾಲುಗಳಿಗೆ ಮಾತ್ರ ಯೂರೋಪಿನ ಅಂಗಿ ತೊಟ್ಟರೆ ಜಾಗವುಂಟು. ಇದನ್ನು ನಾನು ಹೇಳಹೊರಟಾಗ ಅಣ್ಣ, "ಶ್, ಶುರುವಾಯ್ತು, ಭಾಷಣ ಆಮೇಲೆ" ಎಂದ.

ಶುರುವಾದ ಮೊದಲ ನಿಮಿಷದಲ್ಲೇ ಕೊರಿಯದ ಗೋಲು. ಅರ್ಧ ಗಂಟೆಯೂ ಆಗುವ ಮುಂಚೆ ಮೂರು. ಲಂಡನ್ನಿನವನ ದನಿ ಏರಿ ಏರಿ ಒಡೆಯುತ್ತಿತ್ತು. ನಾನು ಅಜ್ಜಿಯ ಭುಜ ಹಿಡಿದು ಅಲುಗಾಡಿಸಿದ್ದಕ್ಕೆ ಅವರ ಬತ್ತಿಯ ಡಬ್ಬ ಉರುಳಿತು.

"ಏನಾಯ್ತೇ?"

"ಮೂರು ಗೋಲು ಅಜ್ಜಿ! ನಾವು ಮೂರು, ಅಣ್ಣ ಸೊನ್ನೆ!"

"ಅಯ್ಯೋ ಪಾಪ, ಅವನಿಗೂ ಒಂದು ಕೊಡ್ರೇ" ಎಂದರು ಅಜ್ಜಿ.

ಮೂಲೆಮನೆಯವನು ಚಾಪೆಯ ಕಡ್ಡಿ ಕೀಳುತ್ತಿದ್ದ. ಆ ಕ್ಷಣದಲ್ಲಿ, ಜೀವನದಲ್ಲಿ ಮೊದಲ ಬಾರಿಗೆ, ನನ್ನನ್ನು ಕಂಡು ಒಬ್ಬರ ಹೊಟ್ಟೆ ಉರಿಯುತ್ತಿರುವುದನ್ನು ನಾನು ಕಂಡೆ. ಅದರ ರುಚಿಯನ್ನು ಈಗಲೂ ಮರೆತಿಲ್ಲ. ಚೆಂಡು ನಮ್ಮ ಮನೆಯ ಷೆಲ್ಫಿನ ಮೇಲೆ ಯಾವ ಜಾಗದಲ್ಲಿ ಕೂರಬೇಕೆಂದು ಕೂಡ ನೋಡಿಟ್ಟುಕೊಂಡೆ.

ಆಮೇಲೆ ಅಣ್ಣನ ಕಡೆಯಿಂದ ಒಂದು. ಇನ್ನೊಂದು. ವಿರಾಮದ ನಂತರ ಮತ್ತೂ ಎರಡು. ರೇಡಿಯೊ ನಡುವೆ ಕರಕರ ಎಂದು ನಿಂತೇಹೋಯಿತು. ಮತ್ತೆ ಮಾತು ಬಂದಾಗ ಐದು ಮೂರು ಆಗಿತ್ತು. ಅಣ್ಣ ಕುಣಿದ. ಆಮೇಲೆ ನನ್ನ ಮುಖ ನೋಡಿ ಕುಣಿಯುವುದನ್ನು ನಿಲ್ಲಿಸಿದ. ಅವನು ನಿಲ್ಲಿಸಿದ್ದು ನನ್ನನ್ನು ಕುಣಿತಕ್ಕಿಂತ ಹೆಚ್ಚು ನೋಯಿಸಿತು.

ಹುಡುಗರು ಹೊರಡುವಾಗ ಮೂಲೆಮನೆಯವನು ಬಾಗಿಲಲ್ಲಿ ತಿರುಗಿ ನಿಂತು, ಬಹಳ ಉದಾರವಾಗಿ ಹೇಳಿದ: "ಚೆನ್ನಾಗಿ ಆಡಿದ್ರು ಕಣೇ ನಿಮ್ಮೋರು. ಆಯ್ತು, ನಿನ್ನನ್ನೂ ಲೆಕ್ಕಕ್ಕೆ ತಗೊಂಡ್ವಿ."

"ಸೋತ ಮೇಲಾ?"

"ಹೂಂ. ಸೋತೋರ ಲೆಕ್ಕಕ್ಕೆ. ಸೋತೋರು ಕಡೇ ಭಾನುವಾರ ಗ್ರೌಂಡಿಗೆ ಗೆರೆ ಹಾಕ್ಬೇಕು. ಎಲ್ರೂ ಒಪ್ಪಿದ್ದಾರೆ."

ಒಪ್ಪಿದವರು ಯಾರು, ಯಾವಾಗ ಒಪ್ಪಿದರು, ಸೋತ ಉಳಿದ ಹುಡುಗರು ಯಾಕೆ ಹಾಕಬಾರದು ಎಂದು ಕೇಳಿದೆ. ಅವನು ಆಗಲೇ ಗೇಟು ದಾಟಿದ್ದ. ಗೆಲುವನ್ನು ಹಂಚುವಾಗ ಕಾಣದಿದ್ದ ಹೆಸರು ದುಡಿಮೆಯನ್ನು ಹಂಚುವಾಗ ಮೊದಲು ನೆನಪಾಗುತ್ತದೆ. ಮುಂದೆ ಎಷ್ಟೋ ಕಚೇರಿಗಳಲ್ಲಿ, ಎಷ್ಟೋ ಸಂಘಗಳಲ್ಲಿ ಇದೇ ಉದಾರತೆಯನ್ನು ಎದುರಿಸಿದ್ದೇನೆ.

ಸೋಮವಾರ ಶಾಲೆಯಲ್ಲಿ ನನ್ನ ಗೆಳತಿ ಎಲ್ಲವನ್ನೂ ಕೇಳಿ, "ಮೂರು ಹೊಡೆದ್ಮೇಲೂ ಮುಂದಕ್ಕೇ ನುಗ್ತಿದ್ರಾ? ಮನೆ ಕಾಯೋರು ಯಾರೂ ಇರ್ಲಿಲ್ವಾ?" ಎಂದಳು. ಆಮೇಲೆ, "ಹೋಗ್ಲಿ ಬಿಡು. ಗೆರೆ ಹಾಕೋಕೆ ನಾನೂ ಬರ್ತೀನಿ" ಎಂದಳು.

"ನಾವು ಹಾಕಲ್ಲ. ಆಫ್ರಿಕದವರು ಮಾಡಿದ ಹಾಗೆ ಮಾಡೋಣ. ಸುಣ್ಣ ತಗೊಂಡು ಹೋಗೋಣ, ಆದ್ರೆ ಕೊಡೋದು ಬೇಡ. ಇಬ್ಬರನ್ನೂ ಆಟಕ್ಕೆ ಸೇರಿಸಿಕೊಂಡ್ರೆ ಮಾತ್ರ."

"ಏನಾದ್ರೂ ಮಾಡು. ಆಡೋ ಹಾಗಾದ್ರೆ ಸಾಕು" ಎಂದಳು.

ಮುಂದಿನ ಶನಿವಾರ ಸಂಜೆ ಇಂಗ್ಲೆಂಡು ಕಪ್ ಗೆದ್ದಿತು. ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬ ಜಗಳದ ಗೋಲೊಂದು ಅದರಲ್ಲಿತ್ತು. ನಮ್ಮ ರಸ್ತೆಯ ಚೆಂಡು ಹಸಿರು ಗೇಟಿನೊಳಗೇ ಉಳಿಯಿತು. ಮೂಲೆಮನೆಯವರು ಅಕ್ಕಪಕ್ಕಕ್ಕೆ ಕೇಸರಿಬಾತು ಹಂಚಿದರು. ಅಮ್ಮ ಅದನ್ನು ತಟ್ಟೆಗೆ ಹಾಕಿಕೊಟ್ಟಾಗ ನಾನು ಮುಟ್ಟಲಿಲ್ಲ. ದ್ರಾಕ್ಷಿ, ಗೋಡಂಬಿ ಎರಡೂ ಇದ್ದವು. ಇಂಗ್ಲೆಂಡಿಗೆ ಏನು ತಾನೆ ಕಡಿಮೆ?

ಭಾನುವಾರ ಬೆಳಗ್ಗೆ ನಾವಿಬ್ಬರೂ ಸುಣ್ಣದ ಪುಡಿ ತುಂಬಿದ ಬಾಂಡ್ಲಿಯನ್ನು ಬಯಲಿನ ಅಂಚಿನಲ್ಲಿಟ್ಟು ಅದರ ಪಕ್ಕದಲ್ಲಿ ಕೂತೆವು. ನಮ್ಮ ಷರತ್ತನ್ನು ಹೇಳಿದೆ. ಮೂಲೆಮನೆಯವನು, "ಹಾಕ್ಬೇಡ ಹೋಗು, ಗೆರೆ ಇಲ್ದೇ ಆಡ್ತೀವಿ" ಎಂದು ಹಿಮ್ಮಡಿಯಿಂದ ನೆಲ ಗೀಚಿ ಆಟ ಶುರುಮಾಡಿದ. ಬೇಡವಾದವರು ಬಹಿಷ್ಕಾರ ಹಾಕಿದರೆ ಯಾರಿಗೂ ಸದ್ದು ಕೇಳಿಸುವುದಿಲ್ಲ. ಆಫ್ರಿಕದವರಿಗೂ ಆ ಜುಲೈ ತಿಂಗಳಲ್ಲಿ ಹೀಗೇ ಅನ್ನಿಸಿದ್ದಿರಬೇಕು. ಚರ್ಮದ ಚೆಂಡಿನ ಧಬ್ ಧಬ್ ಸದ್ದು ನನ್ನ ಹೊಟ್ಟೆಯೊಳಗೇ ಬೀಳುತ್ತಿತ್ತು.

ಆದರೆ ಹಿಂದಿನ ಸಂಜೆ ರೇಡಿಯೊ ಕೇಳಿದ್ದ ಹುಡುಗರಿಗೆಲ್ಲ ಗೆರೆಯ ಹುಚ್ಚು ಹಿಡಿದಿತ್ತು. ಮೊದಲ ಗೋಲಿಗೇ "ದಾಟಿಲ್ಲ ಕಣೋ", "ದಾಟಿದೆ ಕಣೋ, ಕಣ್ಣಿಗೆ ಬೆಣ್ಣೆ ಹಚ್ಕೊಂಡಿದ್ದೀಯಾ?" ಎಂದು ಕೊರಳಪಟ್ಟಿ ಹಿಡಿದರು. ಮೂರನೆಯ ಜಗಳದ ಹೊತ್ತಿಗೆ ಇಟಲಿಯವನು ಚಪ್ಪಲಿ ಹಾಕಿಕೊಂಡು ಮನೆಗೆ ಹೊರಟಿದ್ದ, ಅವನನ್ನು ಎಳೆದು ತಂದರು. ಕೊನೆಗೆ ಅಣ್ಣ ನಮ್ಮ ಬಳಿಗೆ ಬಂದ.

"ಸುಣ್ಣ ಕೊಡೇ, ಪ್ಲೀಸ್."

"ಇಬ್ಬರೂ ಆಡ್ತೀವಿ."

ಅವನು ಹೋಗಿ ಕೇಳಿಕೊಂಡು ಬಂದ. ಅವನ ಹಿಂದೆ ಮೂಲೆಮನೆಯವನೂ ಬಂದ, ಕಂಕುಳಲ್ಲಿ ಚೆಂಡು. "ನಾವು ಹದಿನೈದು ಜನ. ಒಂದು ಕಡೆ ಯಾವಾಗ್ಲೂ ಒಬ್ಬ ಕಮ್ಮಿ. ಅದಕ್ಕೆ ಒಬ್ರಿಗೆ ಜಾಗ ಇದೆ. ನಿಮ್ಮಿಬ್ರಿಗೂ ಸೇರಿ ಒಂದು. ಯಾರು ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ."

ಅವನು ಅದನ್ನು ಯಾವ ವಕ್ರತೆಯೂ ಇಲ್ಲದೆ, ನಿಜವಾಗಿಯೂ ನ್ಯಾಯವೆಂದು ನಂಬಿ ಹೇಳಿದ. ನಾನು ಎದ್ದು ನಿಂತೆ. ಎರಡು ಖಂಡಗಳ ಪಾಲಿಗೆ ಒಂದು ಜಾಗ ಕೊಡುವವನು ಜಾಗ ಕೊಡುತ್ತಿಲ್ಲ, ಜಗಳ ಕೊಡುತ್ತಿದ್ದಾನೆ. ಹೊರಗಿದ್ದವರು ತಮ್ಮತಮ್ಮಲ್ಲೇ ಕಚ್ಚಾಡಲಿ ಎಂಬುದೇ ಅದರ ಹೂರಣ. ಇದನ್ನು ನಾವು ಒಪ್ಪಲಾಗದು ಎಂದು ಆರಂಭಿಸಿದೆ. ಒಳ್ಳೆಯ ಮಾತುಗಳು. ಒಂದನ್ನೂ ನಾನು ಇಂದಿಗೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಪಕ್ಕದಲ್ಲಿ ಬಟ್ಟೆಯ ಸದ್ದಾಯಿತು. ನನ್ನ ಗೆಳತಿ ಲಂಗದ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಏನು ಮಾಡ್ತಿದ್ದೀಯ? ಒಪ್ಪಬಾರದು ಕಣೇ!"

"ಸುಮ್ಕಿರೇ. ನೀನು ಮಾತಾಡ್ತಿರು, ನಾನು ಆಡ್ತೀನಿ" ಎಂದು ಓಡಿಬಿಟ್ಟಳು.

ಅವಳ ಕಾಲಿಗೆ ಚೆಂಡು ಬಂದದ್ದು ಐದಾರು ನಿಮಿಷದ ನಂತರ. ಅವಳು ಅದನ್ನು ನಿಲ್ಲಿಸಲಿಲ್ಲ. ಸೋರೆಬುರುಡೆಯನ್ನು ಕೆರೆಯೇರಿಯ ಮೇಲೆ ತರುವ ಹಾಗೆಯೇ, ನೋಡಿಯೂ ನೋಡದಂತೆ, ಇಬ್ಬರ ನಡುವೆ ತಂದಳು. ನಮ್ಮಣ್ಣ ಅಡ್ಡ ಬಂದು ಕಾಲು ತಪ್ಪಿ ನೆಲದ ಮೇಲೆ ಕೂತೇಬಿಟ್ಟ. ಹುಡುಗರು ಹೋ ಎಂದರು. ಆ ಹೋ ನನಗೆ ಯಾವತ್ತೂ ಸಿಕ್ಕಿರಲಿಲ್ಲ, ಮುಂದೆಯೂ ಸಿಕ್ಕಲಿಲ್ಲ. ಬ್ರೆಜಿಲ್ಲಿನ ಮೇಲೆ, ಇಂಗ್ಲೆಂಡಿನ ಮೇಲೆ, ದಂಡಿನ ಮೇಲೆ, ಮೂಲೆಮನೆಯ ಮೇಲೆ ನಾನು ಅಷ್ಟು ವರ್ಷಗಳಿಂದ ಹಂಚಿಟ್ಟಿದ್ದ ಹೊಟ್ಟೆಕಿಚ್ಚೆಲ್ಲ ಒಂದೇ ಗಳಿಗೆಯಲ್ಲಿ ಒಟ್ಟುಗೂಡಿ ಸಾರಕ್ಕಿಯ ಆ ಎರಡು ಬರಿಗಾಲುಗಳ ಮೇಲೆ ಹೋಗಿ ನಿಂತಿತು. ತಪ್ಪು ಅವಳದಲ್ಲವೆಂದು ನನಗೆ ಗೊತ್ತಿತ್ತು. ತಪ್ಪು ಆ ಒಂದು ಜಾಗದ್ದು. ಆಫ್ರಿಕಕ್ಕೂ ಏಷ್ಯಕ್ಕೂ ಮುಂದಿನ ವಿಶ್ವಕಪ್ಪಿನಲ್ಲಿ ಬೇರೆಬೇರೆ ಜಾಗಗಳು ದೊರೆತವು. ಹಿಂದೆ ಸರಿದವರ ಹಟ ಅಲ್ಲಿ ಫಲ ಕೊಟ್ಟಿತು. ಅದನ್ನು ಓದಿದ ದಿನ ನನಗೆ ಸಂತೋಷವಾಯಿತು, ಒಡನೆಯೇ ಆಫ್ರಿಕದ ಮೇಲೂ ಸ್ವಲ್ಪ ಉರಿಯಿತು.

ಒಪ್ಪಂದದಂತೆ ಸುಣ್ಣ ಕೊಡಬೇಕಿತ್ತು. ಗೆರೆ ಹಾಕಲು ಬೇರೆ ಯಾರಿಗೂ ಬಿಡುವಿರಲಿಲ್ಲ, ಎಲ್ಲರೂ ಆಡುತ್ತಿದ್ದರು. ಬಾಂಡ್ಲಿಯನ್ನು ಸೊಂಟಕ್ಕೆ ಒತ್ತಿಕೊಂಡು, ರಂಗೋಲಿ ಬಿಡುವ ಬೆರಳುಗಳಿಂದ ಪುಡಿ ಬಿಡುತ್ತ, ಬಯಲಿನ ಒಂದು ಮಗ್ಗುಲನ್ನು ಮುಗಿಸಿದೆ. ಗೆರೆ ನೇರವಾಗಿ ಬಂತು. ಬೆವರಿಗೆ ಸುಣ್ಣ ತಗಲಿ ಬೆರಳ ಸಂದುಗಳು ಉರಿಯುತ್ತಿದ್ದವು.

"ಏ, ಅಲ್ಲೇ ಏನ್ ಮಾಡ್ತಿದ್ದೀಯ?" ಎಂದು ಅವಳು ಆ ತುದಿಯಿಂದ ಕೂಗಿದಳು, ಏದುಸಿರು ಬಿಡುತ್ತ, ಕೈ ಬೀಸುತ್ತ. "ಬಾರೇ ಈ ಕಡೆ, ಗೋಲ್ ಗೆರೆ ಇನ್ನೂ ಹಾಕಿಲ್ಲ! ಬೇಗ!"

ಆಡುವವರ ದನಿ ಅದು. ನಾನು ಬಾಂಡ್ಲಿ ಎತ್ತಿಕೊಂಡು ಹೋದೆ.